ಮೂರು ತಾಸಿನ ದಾರಿ

ಬುತ್ತಿಯ ಗಂಟು ಬಿಚ್ಚುವುದರೊಳಗೆ ದೇಶವೇ ಬದಲಾಗಿತ್ತು. ಮುಂಬೈಯಲ್ಲಿ ವಿಮಾನ ಹತ್ತಿ, ಇನ್ನೇನು ಸಜ್ಜಿ ರೊಟ್ಟಿ ಮುರಿಯಬೇಕು ಎನ್ನುವಾಗ ಪಟ್ಟಿ ಬಿಗಿದುಕೊಳ್ಳಿ, ದುಬೈ ಬಂತು ಎಂದರು. ಬಾಗಿಲಾಚೆ ಇಟ್ಟಂಗಿ ಭಟ್ಟಿಯ ಗಾಳಿ. ನಮ್ಮ ಕಡೆ ದಾರಿಯನ್ನು ಬುತ್ತಿಯಿಂದ ಅಳೆಯುತ್ತೇವೆ: ಬಾಗೇವಾಡಿ ಒಂದು ಬುತ್ತಿಯ ದಾರಿ, ಸೊಲ್ಲಾಪುರ ಎರಡರದು. ಒಂದು ತುತ್ತೂ ಇಳಿಯದ ಪ್ರಯಾಣವನ್ನು ನಾನು ಪ್ರಯಾಣ ಎನ್ನಲಾರೆ.

ಮೂರೇ ತಾಸು ಎಂದು ಮುಂಬೈಯ ದಲ್ಲಾಳಿ ಹೇಳಿದ್ದನ್ನು ನಮ್ಮೂರು ಕನ್ನೊಳ್ಳಿಯ ತುಂಬ ಹೇಳಿಕೊಂಡು ತಿರುಗಿದವನು ನಾನೇ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟು ಗೋಡೆ ಕಟ್ಟುವ ಗೌಂಡಿ ಕೆಲಸ ಕಲಿತವನು, ಊರಲ್ಲಿ ಮೊದಲು ವಿಮಾನ ಹತ್ತುವವನು, ಹೇಳಿಕೊಳ್ಳದೆ ಇರುತ್ತೇನೆಯೇ? ಅಪ್ಪನಿಗೆ ಕೈ ನಡುಗತೊಡಗಿತ್ತು. ಎಳ್ಳ ಅಮಾವಾಸ್ಯೆಗೆ ಹೊಲದ ಸುತ್ತ ಕಡುಬು, ಅನ್ನ ಎರಚಿ ಭೂಮಿತಾಯಿಗೆ ಉಣಿಸುವ ಚರಗವನ್ನು ಈ ವರ್ಷದಿಂದ ನಾನೇ ಚೆಲ್ಲಬೇಕೆಂದಿದ್ದ. ನಮ್ಮಲ್ಲಿ ಚರಗ ಚೆಲ್ಲುವವನೇ ಮನೆಯ ಯಜಮಾನ. ಖಂಡಿತ ಬರುತ್ತೇನೆ ಎಂದೆ. ತಮ್ಮ ಶರಣಪ್ಪ ನಕ್ಕ.

"ನೀ ಬರಲಿಲ್ಲಂದ್ರ ಚರಗದ ಬುಟ್ಟಿ ನಾ ಹೊರತೇನಿ ಬಿಡೋ ಯಣ್ಣಾ."

ದುಬೈಯಲ್ಲಿ ಏನಿದೆ? ಬೇಕಾದಷ್ಟು ನೀರು, ಕುಡಿಯಲಾಗದು; ಬೇಕಾದಷ್ಟು ಮಣ್ಣು, ಬಿತ್ತಲಾಗದು. ತಗಡಿನ ಮನೆಯಲ್ಲಿ ಕುರಿಗಳಂತೆ ಮಲಗುತ್ತೇವೆ. ಅಲ್ಲಿನ ರೊಟ್ಟಿಗೆ ಖುಬ್ಬೂಸ್ ಎನ್ನುತ್ತಾರೆ. ತಟ್ಟಿದ ಬೆರಳಿನ ಗುರುತೇ ಇಲ್ಲದ ಆ ಅರಿವೆಯ ತುಂಡನ್ನು ದಿನಾ ನುಂಗುತ್ತೇನೆ. ಆದರೂ ಗೋಡೆಯ ಮೂಲೆ ಎತ್ತುವಾಗ ಕೂಲಿಗಳ ಮೇಲಿನ ಮುಕಾದಮ ನನ್ನನ್ನೇ ಕರೆಯುತ್ತಾನೆ. ಉಳಿದವರು ಕಟ್ಟಿದ್ದು ಕುಡುಕನಂತೆ ವಾಲುತ್ತದೆ.

ಅಮಾವಾಸ್ಯೆಗೆ ರಜೆ ಕೇಳಿದೆ. ಮುಕಾದಮನ ಪೆಟ್ಟಿಗೆಯಲ್ಲಿದ್ದ ಪಾಸ್‌ಪೋರ್ಟು ನನ್ನ ಕೈಗೆ ಬರುವಷ್ಟರಲ್ಲಿ ಹುಣ್ಣಿಮೆ ಕಳೆದು ಚಂದ್ರ ಸವೆದುಹೋಗಿದ್ದ. ಮುಂಬೈಯಲ್ಲಿ ಗಂಟುಮೂಟೆ ತಪಾಸಣೆಯ ಸಾಲು, ನಾನು ನಿಂತುಕೊಂಡೇ ಸೊಲ್ಲಾಪುರ ಮುಟ್ಟಿದ ರೈಲು. ಅಮಾವಾಸ್ಯೆಯ ಬೆಳಿಗ್ಗೆ ಇಂಡಿಯಲ್ಲಿ ಸಿಂದಗಿ ಬಸ್ಸು ಹತ್ತಿದಾಗ, ಗೆದ್ದೆ ಅಂದುಕೊಂಡೆ.

ಬಸ್ಸು ನಡುದಾರಿಯಲ್ಲಿ ನಿಂತಿತು. ಕೆಟ್ಟಿರಲಿಲ್ಲ. ಡ್ರೈವರನ ಬೀಗರ ಹೊಲ ಅಲ್ಲಿತ್ತು. ಅವನು ಇಳಿದು ಬನ್ನಿಗಿಡದ ನೆರಳಿಗೆ ಚರಗದ ಊಟ ಉಣ್ಣಲು ಹೋದ. ಹಿಂದೆ ಕಂಡಕ್ಟರ್, ಅವನ ಹಿಂದೆ ಬಸ್ಸಿಗೆ ಬಸ್ಸೇ. ಯಾರಿಗೂ ಬೇಸರವಿಲ್ಲ. ನಾನೊಬ್ಬ ರಸ್ತೆಯಲ್ಲಿ ಶತಪಥ ಹಾಕುತ್ತಿದ್ದೆ. ಆ ಹೊಲದ ಮುದುಕ ಕರೆಯಲು ಬಂದ. ತಡ ಮಾಡಬೇಡಿ, ಸಮುದ್ರ ದಾಟಿ ಬಂದಿದ್ದೇನೆ ಎಂದೆ.

"ಹಂಗಾರ ಭಾಳ ಹಸದೀರಿ. ಕುಂದರ ಬರ್ರಿ."

ಅಂಥವರಿಗೆ ಏನು ಹೇಳುವುದು? ನಾನು ಕೂಡಲಿಲ್ಲ.

ಸಿಂದಗಿಯಿಂದ ನಡೆದು ಹೊಲ ಮುಟ್ಟಿದಾಗ ಜೋಳದ ದಂಟಿನ ಮೇಲೆ ಕಡುಬಿನ ಚೂರು ಬಿದ್ದಿದ್ದವು. ಶರಣಪ್ಪನ ಕೈಯಲ್ಲಿ ಬುಟ್ಟಿ ಬರಿದಾಗಿತ್ತು. ಅಣಕಿಸುತ್ತಾನೆಂದು ಕಾದೆ. ಅವನು ಬುಟ್ಟಿ ಬೋರಲು ಹಾಕಿ, ನನ್ನ ಕಾಲಿಗೆ ನೀರು ಕೊಟ್ಟ. ಅವನ ಹೆಂಡತಿ ಕಂಬಳಿ ಹಾಸಿದಳು.

"ದೂರಿಂದ ಬಂದಾನ," ಎಂದ ಅಪ್ಪ, "ಮೊದಲ ಅವಗ ನೀಡ್ರಿ."

ನಮ್ಮ ಮನೆಯಲ್ಲಿ ಮೊದಲು ಉಣ್ಣುವವನು ಬೀಗ, ಕೊನೆಗೆ ಉಣ್ಣುವವನು ಯಜಮಾನ. ಅಂದು ಕೊನೆಗೆ ಉಂಡವನು ಶರಣಪ್ಪ. ದುಬೈಯಲ್ಲಿ ತಟ್ಟೆ ಹಿಡಿದು ಸಾಲಿನ ಕೊನೆಗೆ ನಿಂತು ಉಣ್ಣುವವನು ನಾನೇ, ಆದರೆ ಅಲ್ಲಿ ನಾನು ಯಾವುದಕ್ಕೂ ಯಜಮಾನನಲ್ಲ.

ಕಡುಬು ಮುರಿದೆ. ಹಸಿವು, ಆ ಮುದುಕ ಹೇಳಿದಂತೆ, ಬಹಳವೇ ಆಗಿತ್ತು.