ಮಾವ ಹರಿದ ಅರಮನೆ

ಯುದ್ಧ ಮುಗಿದ ಮರುವರ್ಷ, ಮದರಾಸಿನಲ್ಲಿ ಬಿ.ಎ. ಮುಗಿಸಿ ಬಂದ ನಾನು ಸೋದರಮಾವನ ಜೀವನಚರಿತ್ರೆ ಬರೆದೆ. ಮಾವ ನಾಟಕ ಕಂಪೆನಿಗಳಿಗೆ ಪರದೆ ಬರೆಯುತ್ತಿದ್ದ ಚಿತ್ರಗಾರರು. ಎರಡು ಸಲ ಮನಸ್ಸು ಕೆಟ್ಟು ಆಸ್ಪತ್ರೆಯಲ್ಲಿದ್ದವರು. ನಮ್ಮದು ಅಳಿಯಕಟ್ಟಿನ ಮನೆ, ವಂಶ ನಡೆಯುವುದು ತಾಯಿಯ ಕಡೆಯಿಂದ; ಯಜಮಾನರು ಅವರೇ. ಅವರು ಹೂಂ ಅನ್ನದೆ ಅಚ್ಚಿಗೆ ಕೊಡುವಂತಿರಲಿಲ್ಲ. ಓದಿ ಹೇಳಿ ವಾರಗಳಾದರೂ ಅವರು ಏನೂ ಅನ್ನಲಿಲ್ಲ. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಚಾವಡಿಯಲ್ಲಿ ಅವರು ಕೆಮ್ಮಿದರೂ ಉತ್ತರ ಬಂತೇನೋ ಎಂದು ಎದ್ದು ನಿಲ್ಲುತ್ತಿದ್ದೆ.

ಅಷ್ಟರಲ್ಲಿ ಊರಿಗೆ ಒಂದು ಹಿಂದಿ ಟಾಕಿ ಬಂತು. ಹುಚ್ಚು ಹಿಡಿದ ಚಿತ್ರಗಾರನದು ಮತ್ತು ಅವನ ಕಥೆ ಬರೆಯುವ ಗೆಳೆಯನದು.

"ನೋಡಿ ಬರುವ. ಆಮೇಲೆ ಹೇಳ್ತೇನೆ," ಎಂದರು ಮಾವ.

ಟಾಕೀಸಿನಲ್ಲಿ ಹೆಂಗಸರ ಜಾಗ ಬೇರೆ, ಹಿಂದೆ. ಸಿನೆಮಾಕ್ಕಿಂತ ಹೆಚ್ಚು ನಾನು ನೋಡಿದ್ದು ಮಾವನ ತಲೆಯನ್ನು. ಅದು ಒಂದು ಕ್ಷಣವೂ ಸುಮ್ಮನಿರಲಿಲ್ಲ. ತೆರೆಯ ಮೇಲೆ ಚಿತ್ರಗಾರ ಗಹಗಹಿಸಿ ತನ್ನ ಚಿತ್ರವನ್ನೇ ಸೀಳಿದ. ಗೆಳೆಯ ಕಣ್ಣೊರೆಸಿಕೊಂಡು ಬರೆದುಕೊಂಡ. ನನ್ನ ಪಕ್ಕದ ಹೆಂಗಸು ಸೆರಗನ್ನು ಬಾಯಿಗೆ ಒತ್ತಿದಳು. ಮಾವ ಎದ್ದು ಹೋದರು.

ನನ್ನ ಬರಹದಲ್ಲೂ ಅಂಥದೇ ಪ್ರಸಂಗವಿತ್ತು: ಮಾವ ತಾವು ಅರಮನೆ ಬರೆದಿದ್ದ ಪರದೆಯನ್ನು ಹರಿದ ದಿನ. ಇಡೀ ಪುಸ್ತಕದಲ್ಲಿ ನನಗೆ ತುಂಬ ಮೆಚ್ಚಿಕೆಯಾದ ಪುಟಗಳು ಅವೇ; ನಾನು ಅತ್ತದ್ದನ್ನೂ ಅಲ್ಲಿ ಬರೆದಿದ್ದೆ.

ನಾನೂ ಎದ್ದು ಹೊರಗೆ ಬಂದಾಗ ಸೋಡಾ ಅಂಗಡಿಯ ಮುಂದೆ ಅವರು ಅತ್ತಿಂದಿತ್ತ ನಡೆಯುತ್ತಿದ್ದರು.

"ಅವ ಎಂತಕ್ಕೆ ಹರಿದದ್ದು ಮಾರಾಯ್ತಿ? ಚಿತ್ರ ಲಾಯ್ಕೇ ಇತ್ತಲ್ಲ!"

"ಹುಚ್ಚಿಗೆ."

"ನಾನೂ ಹುಚ್ಚಿಗೇ ಹರಿದೆ ಅಂತ ಬರೆದಿದ್ದಿ ನೀನು. ನನ್ನ ಪರದೆ ಲಾಯ್ಕಿರಲಿಲ್ಲ. ಕಂಬಗಳ ನೆರಳೆಲ್ಲ ಮೇಲಿಂದ ಬಿಸಿಲು ಬಿದ್ದ ಹಾಗೆ ಬರೆದಿದ್ದೆ. ನಾಟಕದಲ್ಲಿ ದೀಪ ಇಡುವುದು ಎಲ್ಲಿ? ರಂಗದ ಅಂಚಿನಲ್ಲಿ, ಕೆಳಗೆ. ಚಾವಡಿಯಲ್ಲಿ ಹಾಗೇ ದೀಪ ಹಚ್ಚಿ ನೋಡಿದರೆ ಅರಮನೆ ತಲೆಕೆಳಗೆ ನಿಂತ ಹಾಗೆ ಉಂಟು! ಅದನ್ನು ಇಟ್ಟುಕೊಳ್ಳುವವನಿಗೆ ಹುಚ್ಚು."

ನಿಜವಿರಬಹುದು. ಆದರೆ ಆ ದಿನ ಚಾವಡಿಯಲ್ಲಿ ನಾನೂ ಇದ್ದೆ, ಚಿಕ್ಕವಳು.

"ಪರದೆ ಸರಿ, ಮಾವ. ಮೈಮೇಲಿನ ಅಂಗಿ ಹರಿದದ್ದು?"

"ಅದರ ಹೊಲಿಗೆಯೂ ಲಾಯ್ಕಿರಲಿಲ್ಲ."

ಸೋಡಾದವನು ನಕ್ಕ. ನಾನು ನಗಲಿಲ್ಲ. ಮಾವ ನನ್ನ ಮುಖ ನೋಡಿದರು. "ಯಾವ ಅಂಗಿ? ಹೇಳು ನೋಡುವ."

"ಬೂದು ಬಣ್ಣದ್ದು. ತೋಳಿಗೆ ಹಸಿರು ತಾಗಿತ್ತು. ಹರಿದ ಮೇಲೆ ಅದನ್ನೇ ಮಡಚಿ ತಲೆಯಡಿ ಇಟ್ಟು ಮಲಗಿದಿರಿ. ಅಮ್ಮ ಊಟಕ್ಕೆ ಕರೆದರೂ ಏಳಲಿಲ್ಲ."

ಮಾವ ಪೇಟೆ ನಡುವಿನ ಹಂಪನಕಟ್ಟೆಯವರೆಗೆ ನನ್ನನ್ನು ಹಿಂದೆ ಬಿಟ್ಟು ನಡೆದರು. ಅಲ್ಲಿ ನಿಂತು, ತಿರುಗದೆಯೇ ಹೇಳಿದರು:

"ನೆರಳಿನ ತಪ್ಪು ಮೊದಲು ಬರೆ. ಅಂಗಿ ಆಮೇಲೆ. ಎರಡೂ ಇರಲಿ. ನಿನ್ನ ಆ ಕಣ್ಣೀರು ಮಾತ್ರ ಬೇಡ."

ಒಪ್ಪಿಗೆ ಸಿಕ್ಕಿತ್ತು. ಮರುದಿನ ಮೆಚ್ಚಿನ ಪುಟಗಳನ್ನು ತೆಗೆದು ಹೊಸದಾಗಿ ಬರೆಯಲು ಕುಳಿತೆ. ನೆರಳಿನದು ಸುಲಭವಾಗಿ ಬಂತು. ಅಂಗಿಯ ಹತ್ತಿರ ಬಂದಾಗ ಎದ್ದು ಬಾವಿಕಟ್ಟೆಯವರೆಗೆ ಹೋಗಿ ಬಂದೆ. ಮತ್ತೆ ಕುಳಿತೆ, ಒಂದು ವಾಕ್ಯ ಬರೆದೆ, ಮತ್ತೆ ಎದ್ದೆ.