ಮತ್ತೆ ಬರ್ರಿ ಎಂದು ತುಂಬಿದ ಉಡಿ

ಪುಣೆಯಲ್ಲಿ ಲೈಂಗಿಕ ಶೋಷಣೆಗೆ ಸಿಕ್ಕ ಮಕ್ಕಳನ್ನು ಪೊಲೀಸ್ ಠಾಣೆಯಿಂದ ನ್ಯಾಯಾಲಯದವರೆಗೆ ಕೈಹಿಡಿದು ನಡೆಸಿದವರಲ್ಲಿ ಶ್ರೀಮತಿ ಉಮಾವತಿ ಬಾಳಿಕಾಯಿಯವರದು ಗೌರವದ ಹೆಸರು. ಧಾರವಾಡದಿಂದ ಸೊಸೆಯಾಗಿ ಬಂದು, ಸರಕಾರದ ಮಕ್ಕಳ ರಕ್ಷಣಾ ಘಟಕದಲ್ಲಿ ಆಪ್ತಸಮಾಲೋಚಕಿಯಾಗಿ ದುಡಿದು, ಈಗ ನಿವೃತ್ತರಾಗಿದ್ದಾರೆ. ನಿವೃತ್ತಿಯ ಮಾತನ್ನು ಅವರೆದುರು ಆಡಿದರೆ ಬೈಸಿಕೊಳ್ಳಬೇಕಾಗುತ್ತದೆ, ಅಷ್ಟೇ!

ಮೊದಲ ಭೇಟಿಯಲ್ಲಿ ಮಗುವಿಗೆ ಪ್ರಶ್ನೆ ಕೇಳುವುದು ಅವರ ಪದ್ಧತಿಯಲ್ಲ. ಮೆಂತ್ಯ ಪಲ್ಯದ ಸೊಪ್ಪು ಹರವಿಕೊಂಡು ಕೂತು, ಮಗುವಿನೊಡನೆ ಎಲೆ ಬಿಡಿಸಿ ಸೋಸುವರು. ಕೈ ಆಡುತ್ತಿದ್ದಂತೆ ಮಾತು ತಾನಾಗಿ ಬರುವುದು. ಕಚೇರಿಯನ್ನು ಅಡುಗೆಮನೆ ಮಾಡಿದರೆಂದು ಗೊಣಗುತ್ತಿದ್ದ ಮೇಲಧಿಕಾರಿ ಮನೋಹರ ಅವರೇ, ಪಾಪ, ಸಂಜೆ ಸೋಸಿದ ಪಲ್ಯವನ್ನು ಮನೆಗೊಯ್ಯುತ್ತಿದ್ದರು.

ಅವರ ಸೇವೆಯಲ್ಲಿ ಮರೆಯಲಾಗದ್ದು ಮಾರ್ಕೆಟ್ ಯಾರ್ಡಿನ ಹಮಾಲರ ಮನೆಯ ಹುಡುಗಿಯೊಬ್ಬಳ ಪ್ರಕರಣ. ಆಕೆಯ ಹೆಸರನ್ನು ಬರೆಯುವಂತಿಲ್ಲ. ಉಳಿದವರ ಹೆಸರುಗಳೂ ಬದಲಾಗಿವೆ. ಈ ಶಿಸ್ತು ಉಮಾವತಿಯವರೇ ಕಲಿಸಿದ್ದು. ಮನೆಯವರು ನಂಬಿದ್ದ ಪರಿಚಿತನೇ ಆಕೆಯ ಮೇಲೆ ದೌರ್ಜನ್ಯ ಎಸಗಿದ್ದ. ಸಾಕ್ಷಿ ಹೇಳುವ ದಿನ ಹತ್ತಿರವಾದಾಗ, ಅಲ್ಲಿನ ಕನ್ನಡಿಗರ ಸಮಾಜದ ಹಿರಿಯ, ಉಳ್ಳಾಗಡ್ಡಿ ವ್ಯಾಪಾರಿ ಮುರುಗೆಪ್ಪನವರು ಆಕೆಯನ್ನು ಊರಿಗೆ ಕಳಿಸಲು ಹೊರಟರು. ಸುದ್ದಿ ತಿಳಿದು ಉಮಾವತಿಯವರು ಕಾತ್ರಜದ ಬಸ್ ನಿಲ್ದಾಣಕ್ಕೆ ಧಾವಿಸಿದಾಗ ಬಸ್ಸು ಹೊರಡುವುದರಲ್ಲಿತ್ತು. ಹುಡುಗಿ ಹೋಗಿಬಿಟ್ಟರೆ ಪ್ರಕರಣವೂ ಬಿದ್ದುಹೋಗುತ್ತಿತ್ತು, ಓದೂ ನಿಲ್ಲುತ್ತಿತ್ತು.

“ನಮ್ಮ ಮಂದಿ ಬಾಯಿ ಭಾಳ ಕೆಟ್ಟದ್ರಿ ಬಾಯಾರ,” ಎಂದರು ಮುರುಗೆಪ್ಪ. “ಪೋರಿ ಅಜ್ಜಿ ಹತ್ರ ಇದ್ರ ಎಲ್ಲಾರೂ ಮರೀತಾರ.”

“ತಪ್ಪು ಮಾಡಿದಾವ ಬಿಡ್ಲಿ ಊರು. ಕೂಸು ಯಾಕ್ರಿ ಬಿಡಬೇಕು?”

ಮುರುಗೆಪ್ಪ ಕೆಟ್ಟವರಲ್ಲ, ಹೆದರಿದ್ದರು. ಉಮಾವತಿಯವರು ವಾದ ಬೆಳೆಸದೆ ಹುಡುಗಿಯನ್ನು ಹತ್ತಿರ ಕರೆದು, “ನಿನಗ ಏನ್ ಬೇಕವ್ವಾ?” ಎಂದರು. ಅದುವರೆಗೆ ಯಾರೂ ಆಕೆಯನ್ನು ಕೇಳಿರಲಿಲ್ಲ.

“ನನ್ನ ಸಾಲಿ ಚೀಲ ಮನ್ಯಾಗ ಉಳದದ್ರಿ.”

ಜೊತೆಗಿದ್ದ ತಾಯಿ ಶಿವಬಸವ್ವ ಬಿಕ್ಕಿದರು. ಮುರುಗೆಪ್ಪ ಬಸ್ಸು ಹತ್ತಿ ಬಟ್ಟೆಯ ಗಂಟನ್ನು ತಾವೇ ಇಳಿಸಿದರು.

“ಕೋರ್ಟಿನ ಬಾಗಲಾ ಸರಕಾರ ತೆಗದದ. ಓಣಿ ಬಾಗಲಾ ನೀವ ತೆಗೀಬೇಕ್ರಿ,” ಎಂದರು ಉಮಾವತಿ.

ಮುರುಗೆಪ್ಪ ತೆಗೆದರು. ಹುಡುಗಿಯ ಬಗ್ಗೆ ಹಗುರ ಮಾತಾಡಿದವರಿಗೆ ತಮ್ಮ ಅಂಗಡಿಯ ಮೆಟ್ಟಿಲು ಬಂದ್ ಎಂದು ಸಾರಿದರು. ಸಾಕ್ಷಿಯ ದಿನ ಹೆಂಡತಿಯೊಡನೆ ಬಂದು ಹೊರಗಿನ ಬೆಂಚಿನ ಮೇಲೆ ಕಾದು ಕೂತರು. ಒಳಗೆ ಉಮಾವತಿಯವರ ಪಕ್ಕದಲ್ಲಿ ಕೂತು ಹುಡುಗಿ ಎಲ್ಲವನ್ನೂ ಹೇಳಿದಳು. ಅಪರಾಧಿಗೆ ಶಿಕ್ಷೆಯಾಯಿತು, ಆಕೆ ಶಾಲೆ ಮುಗಿಸಿ ಕಾಲೇಜಿಗೂ ಹೋದಳು.

ಕಳೆದ ತಿಂಗಳು ಉಮಾವತಿಯವರ ಬೀಳ್ಕೊಡುಗೆಯ ಭಾಷಣಗಳೆಲ್ಲ ಮುಗಿದ ಮೇಲೆ ಆ ತಾಯಿ ಮಗಳು ಕಚೇರಿಗೆ ಬಂದರು. ಒಳಕೋಣೆಯ ಬಾಗಿಲು ಹಾಕಿ, ಶಿವಬಸವ್ವ ಅರಿಷಿಣ ಕುಂಕುಮ ಹಚ್ಚಿ, ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ ಇಟ್ಟು ಉಡಿ ತುಂಬಿದರು. ಅಷ್ಟು ಮಕ್ಕಳ ಎದುರು ಗಟ್ಟಿಯಾಗಿದ್ದ ಉಮಾವತಿಯವರು ಅತ್ತೇಬಿಟ್ಟರು.

“ಎಲ್ಲಿಗೆ ಕಳಸ್ತೀರ‍್ಯವ್ವಾ ನನ್ನ?”

“ಕಳಸೂದಲ್ರಿ ಅಕ್ಕಾರ,” ಎಂದಳು ಹುಡುಗಿ. “ತವರಮನ್ಯಾಗ ಉಡಿ ತುಂಬೂದು ಮತ್ತ ಬರ್ಲಿ ಅಂತ. ಹೊರಗ ಭೋಸರಿಯಿಂದ ಬಂದ ಹೊಸಾ ಕೇಸಿನ ಕೂಸೊಂದು ಕುಂತದ, ಮಾತಾಡವಲ್ದು. ನಾ ಮೆಂತ್ಯ ಪಲ್ಯ ತಂದೀನ್ರಿ.”

ಉಮಾವತಿ ತಾಯಿಗೆ ದೇವರು ದೀರ್ಘಾಯುಷ್ಯವನ್ನೂ ಗಟ್ಟಿ ಮೊಣಕಾಲನ್ನೂ ಕೊಡಲಿ. ಅಂದು ಅವರು ಕಣ್ಣೊರೆಸಿಕೊಂಡು, ತುಂಬಿದ ಉಡಿಯನ್ನು ಸೊಂಟಕ್ಕೆ ಸಿಕ್ಕಿಸಿ, ಆ ಕೂಸಿನ ಪಕ್ಕ ನೆಲದ ಮೇಲೆ ಕೂತರು.