ಗಿಲ್‌ರಾಯ್‌ಗೆ ಮಾಡಬೇಕಿದ್ದ ಫೋನು

ಆ ವಾರ ವಿಜಯಶ್ರೀ ಒಂದು ಕಡೆ ಕುಳಿತದ್ದನ್ನು ನಾನು ನೋಡಲೇ ಇಲ್ಲ. ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಲ್ಲಿ ಅವಳ ಪಕ್ಕದ ಮನೆ ನನ್ನದು. ಶನಿವಾರ ಮಧ್ಯಾಹ್ನ ಅವಳ ಜೋಳದ ರೊಟ್ಟಿಗೆ ನಾಚಿಕೆಯಿಲ್ಲದೆ ಹಾಜರಾಗುವವಳು ನಾನು. ಅಂದು ಅವಳು ರೊಟ್ಟಿ ಬಡಿಯುತ್ತ ಹಿಟ್ಟಿನ ಕೈಯಲ್ಲೇ ಫೋನು ಎತ್ತುತ್ತಿದ್ದಳು, ಇಡುತ್ತಿದ್ದಳು. ಎರಡು ರೊಟ್ಟಿ ಸೀದವು.

ವಿಜಯಪುರದ ಈ ಎಂಜಿನಿಯರು ಗಂಡನ ವೀಸಾದ ಮೇಲೆ ಬಂದು, ಕೆಲಸದ ಪರವಾನಗಿಯಿಲ್ಲದೆ ಎಂಟು ವರ್ಷ ಮನೆಯಲ್ಲಿ ಕುಳಿತವಳು. ಪರವಾನಗಿ ಸಿಕ್ಕ ಮೇಲೂ ಬಯೋಡೇಟಾದಲ್ಲಿ ಆ ಎಂಟು ವರ್ಷದ ಖಾಲಿ ಜಾಗ ನೋಡಿ ಯಾರೂ ಕರೆಯಲಿಲ್ಲ. ಕರೆದದ್ದು ಸರ್ಕಾರದ ಅನುದಾನದಲ್ಲಿ ನಡೆಯುವ ಒಂದು ಸಂಶೋಧನಾ ಸಂಸ್ಥೆ. ಮನೆಗಾಗಿ ಕೆಲಸ ಬಿಟ್ಟ ಹೆಂಗಸರಿಗೆಂದೇ ಅಲ್ಲೊಂದು ತರಬೇತಿಯಿತ್ತು. ಹತ್ತು ವರ್ಷದಲ್ಲಿ ಅವಳೇ ಅದನ್ನು ನಡೆಸುವವಳಾದಳು. ಸಂಸ್ಥೆಯ ವೆಬ್‌ಸೈಟಿನಲ್ಲಿ ಅವಳ ಫೋಟೊ, ಅವಳ ಕತೆ ಇದ್ದವು. ಈಗ ವಾಷಿಂಗ್ಟನ್ನಿನ ಆದೇಶದಿಂದ ಕೆಲವರಿಗೆಂದೇ ಮೀಸಲಾದ ಇಂಥ ಕಾರ್ಯಕ್ರಮಗಳಿಗೆ ಹಣವಿಲ್ಲವೆಂದಾಯಿತು. ಸಂಸ್ಥೆ ಹೆದರಿ ತರಬೇತಿಯ ಬಾಗಿಲು ಹಾಕಿತು. ಬುಧವಾರ ವೆಬ್‌ಸೈಟಿನ ಆ ಪುಟ ಅಳಿಸಿದ್ದೂ ವಿಜಯಶ್ರೀಯೇ. ಈ ಸಲದ ತರಬೇತಿಗೆ ಆಯ್ಕೆಯಾಗಿದ್ದ ಗಿಲ್‌ರಾಯ್‌ನ ತೆರೇಸಾಗೆ ಬರಬೇಡವೆಂದು ಹೇಳುವುದೊಂದು ಬಾಕಿಯಿತ್ತು. ಅವಳೋ ತರಬೇತಿಗೆ ಸೇರಲೆಂದು ಆ ಶನಿವಾರ ಮೂರು ಗಂಟೆಗೆ ಗ್ರೋಸರಿ ಅಂಗಡಿಯ ಕೆಲಸಕ್ಕೆ ರಾಜೀನಾಮೆ ಕೊಡುವವಳಿದ್ದಳು.

"ಇಷ್ಟ್ಯಾಕ ತ್ರಾಸ ಮಾಡ್ಕೋತಿ?" ಎಂದ ಗಂಡ ಸಿದ್ಧಾರೂಢ, ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚುತ್ತ. "ಬ್ಯಾನ್ ಮಾಡಿದ್ದು ಚಲೋನ ಆತು. ಮೆರಿಟ್ ಇದ್ದವ್ರು ಬರ್ತಾರ. ನಾಳೆ ನಿಹಾರಿಕಾಗ ಕಾಲೇಜಿನಾಗ ಸೀಟ್ ಬ್ಯಾಡೇನು?"

ಎದುರಿಗೆ ಕುಳಿತು ಉಣ್ಣುತ್ತಿದ್ದ ಮಗಳು ನಿಹಾರಿಕಾ ತಲೆಯೆತ್ತಿದಳು. "ಹೌ ಡಿಡ್ ಯೂ ಗೆಟ್ ಇನ್ ಟು ಎಂಜಿನಿಯರಿಂಗ್, ಅಪ್ಪ?"

"ರ್‍ಯಾಂಕಿನ ಮ್ಯಾಲ. ಮತ್ತೇನ?"

ವಿಜಯಶ್ರೀ ಒಲೆ ಆರಿಸಿದಳು. "ಕನ್ನಡ ಮೀಡಿಯಂ ಕೋಟಾದಾಗ್ರಿ. ಕನ್ನಡ ಸಾಲ್ಯಾಗ ಕಲತವ್ರಿಗಂತ ಬ್ಯಾರೆ ಇಟ್ಟಿದ್ದ ಸೀಟದು. ಮೊದಲನೇ ವರ್ಷ ಮೂರು ಸಬ್ಜೆಕ್ಟ್ ಹೋದ್ವು, ಕಡೀಕ ಫಸ್ಟ್ ಕ್ಲಾಸ್ ಬಂದ್ರಿ. ನೀವೇನು ದಡ್ಡ ಇದ್ರೇನು? ಯಾರೋ ಬಾಗಲಾ ತಗದಿದ್ರು, ಅಷ್ಟ."

"ಅದು ಬ್ಯಾರೆ," ಎಂದ. ತಟ್ಟೆಯ ರೊಟ್ಟಿ ಮುರಿದುಕೊಂಡ. ಮೈಸೂರಿನಲ್ಲಿ ನನ್ನ ತಮ್ಮನಿಗೆ ಸೀಟು ತಪ್ಪಿದಾಗ ಇಂಥ ಕೋಟಾಗಳಿಗೆ ಹಿಡಿಶಾಪ ಹಾಕಿದವಳು ನಾನು. ಆ ಸಿಟ್ಟು ಇನ್ನೂ ಪೂರ್ತಿ ಆರಿಲ್ಲ. ಆದರೆ ಆ ಕ್ಷಣ ವಿಜಯಶ್ರೀಯ ಮುಖ ನೋಡಲಾಗದೆ ನನ್ನ ತಟ್ಟೆ ಎತ್ತಿ ಸಿಂಕಿಗೆ ಹಾಕಿದೆ.

ಎರಡೂ ಮುಕ್ಕಾಲಿಗೆ ವಿಜಯಶ್ರೀ ಫೋನು ಹಚ್ಚಿದಳು. ಕೈಯೆಲ್ಲ ಹಿಟ್ಟಾಗಿದ್ದರಿಂದ ಸ್ಪೀಕರಿನಲ್ಲಿಟ್ಟಳು. ಸುತ್ತಿಬಳಸದೆ ಇಂಗ್ಲಿಷಿನಲ್ಲಿ ವಿಷಯ ಹೇಳಿದಳು.

"ನನ್ನ ಅರ್ಹತೆ ಸಾಲಲಿಲ್ಲವೆ?" ಎಂದಳು ತೆರೇಸಾ.

"ಪಟ್ಟಿಯಲ್ಲಿ ನೀನೇ ಮೊದಲಿದ್ದೆ."

"ಹೋಗಲಿ, ರಾಜೀನಾಮೆ ಕೊಡುವ ಮುಂಚೆ ಹೇಳಿದಿರಲ್ಲ, ಥ್ಯಾಂಕ್ಸ್. ನಿಮ್ಮ ಕತೆ ಪ್ರಿಂಟ್ ತೆಗೆದು ಫ್ರಿಜ್‌ಗೆ ಅಂಟಿಸಿದ್ದೆ. ಇನ್ನು ಅದನ್ನು ತೆಗೆಯಬೇಕೇನೋ."

ಸಿದ್ಧಾರೂಢ ಉಣ್ಣುವುದನ್ನು ನಿಲ್ಲಿಸಿದ್ದ.

"ತೆಗೆಯಬೇಡ," ಎಂದಳು ವಿಜಯಶ್ರೀ. "ವೆಬ್‌ಸೈಟಿನಲ್ಲಿದ್ದುದನ್ನು ನಾನೇ ಅಳಿಸಿದ್ದೇನೆ. ಈಗ ಉಳಿದಿರುವುದು ಅದೊಂದೇ."